ದೀಪದ ಕುತ್ತಿಗೆ

ಟೇಬಲ್ ಲ್ಯಾಂಪು ಕೆಡುವುದು ಕುತ್ತಿಗೆಯಲ್ಲಿ. ಬುಡಕ್ಕೆ ಏನೂ ಆಗುವುದಿಲ್ಲ. ಶೇಡು ಹಳತಾದರೆ ಬೇರೆ ಹೊಲಿಸಿದರಾಯಿತು. ಹೋಲ್ಡರ್ ಕೂತಿರುವ ಆ ಎರಡಂಗುಲ ಜಾಗ ಮಾತ್ರ ವರ್ಷಗಟ್ಟಲೆ ಬಲ್ಬಿನ ಕಾವು ತಿಂದು ಸೊರಗುತ್ತದೆ. ಬ್ಯಾಕಲೈಟ್ ಬಿರುಕು ಬಿಡುತ್ತದೆ, ಒಳಗಿನ ಸ್ಪ್ರಿಂಗು ಸಾಯುತ್ತದೆ, ವೈರಿನ ಮೇಲಿನ ಪದರ ಹಪ್ಪಳದ ಹಾಗೆ ಗರಿಗರಿಯಾಗಿ, ಮುಟ್ಟಿದರೆ ಉದುರುತ್ತದೆ. ಜಯನಗರದ ಒಂದು ಅಡ್ಡರಸ್ತೆಯಲ್ಲಿ ಎಲೆಕ್ಟ್ರಿಕ್ ರಿಪೇರಿ ಅಂಗಡಿ ಇಟ್ಟುಕೊಂಡು ತಲೆ ನೆರೆಸಿಕೊಂಡವನು ನಾನು. ಮನೆದೀಪದ ಚರಿತ್ರೆಯನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಈ ಕುತ್ತಿಗೆಗಳನ್ನು ಬಿಚ್ಚಿ ನೋಡಿ ತಿಳಿದುಕೊಂಡಿದ್ದೇ ಹೆಚ್ಚು.

ಈಗ ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ, ಬನಶಂಕರಿಯ ಹೊಸ ಮನೆಗಳಲ್ಲಿ, ಓದುವುದಕ್ಕೂ ಅಲ್ಲದ ಬರೆಯುವುದಕ್ಕೂ ಅಲ್ಲದ ಟೇಬಲ್ ಲ್ಯಾಂಪುಗಳು ಮೂಲೆ ಹಿಡಿದು ನಿಂತಿವೆ. ಕಡೆದ ಮರದ್ದು, ಕಾಗದದ್ದು, ಬಣ್ಣದ ಅರಗಿನದ್ದು. ಆರಿಸಿಟ್ಟಾಗಲೂ ನೋಡಲು ಚೆಂದ ಇರಲಿ ಎಂದು ಮಾಡಿಸಿದವು. ‘ದುಡ್ಡು ಹೆಚ್ಚಾದವರ ಶೋಕಿ’ ಅಂತ ನನ್ನ ಓರಗೆಯವರು ಅಂದುಬಿಡುತ್ತಾರೆ. ಶೋಕಿ ಇರಬಹುದು, ನಾನೇನೂ ಇಲ್ಲ ಅನ್ನುವುದಿಲ್ಲ. ಆದರೆ ಈ ಶೋಕಿ ನಮ್ಮ ಕಡೆಗೆ ಇಷ್ಟು ತಡವಾಗಿ ಯಾಕೆ ಬಂತು ಎಂದು ಕೇಳಿದರೆ, ನನ್ನ ಲೆಕ್ಕದಲ್ಲಿ ದುಡ್ಡಿಗಿಂತ ದೊಡ್ಡ ಕಾರಣ ಕಾವು.

ಎಣ್ಣೆಯ ಕಾಲದಲ್ಲಿ ದೀಪ ಅಂದರೇ ಶಿಲ್ಪ, ಬೇರೆ ದಾರಿ ಇರಲಿಲ್ಲ. ಉರಿಯುವ ಬತ್ತಿಯನ್ನು ನೆಲದಿಂದ ಮೇಲೆತ್ತಬೇಕು, ಎತ್ತಿದ್ದು ಉರುಳಬಾರದು, ಸೋರಿದ ಎಣ್ಣೆ ನೆಲ ಸೇರಬಾರದು, ಹಿಡಿದು ಒಯ್ಯುವವರ ಕೈ ಜಾರಬಾರದು. ಹಿತ್ತಾಳೆಯ ಕಾಲುದೀಪದ ಪ್ರತಿಯೊಂದು ಅಂದವೂ ಇಂಥ ಒಂದೊಂದು ಭಯದಿಂದ ಹುಟ್ಟಿದ್ದು. ತೂಕದ ಅಗಲ ಪೀಠ ಉರುಳದಿರಲಿ ಅಂತ. ಪೀಠದ ಎತ್ತರಿಸಿದ ಅಂಚು ಎಣ್ಣೆ ಹಿಡಿಯಲಿ ಅಂತ. ಕಂಬದುದ್ದಕ್ಕೂ ಇರುವ ಬಳೆಗಳು, ಜಿಡ್ಡುಗೈಗೆ ಹಿಡಿತ ಸಿಗಲಿ ಅಂತ. ತುಂಡು ತುಂಡಾಗಿ ಎರಕ ಹೊಯ್ದು, ಲೇತಿನ ಮೇಲೆ ಕಡೆದು, ತಿರುಪಿನಿಂದ ಜೋಡಿಸುತ್ತಾರೆ. ಹಿತ್ತಾಳೆ ಕೆಲಸಕ್ಕೆ ಹೆಸರಾದ ನಾಗಮಂಗಲ ನಮಗೆ ದೂರವೇನಲ್ಲ. ಇನ್ನು ಎರಡೂ ಕೈಯಲ್ಲಿ ಹಣತೆ ಹಿಡಿದು ನಿಂತ ದೀಪದ ಮಲ್ಲಿ ಇದ್ದಾಳೆ. ಆಕೆಯನ್ನು ಇವತ್ತು ಯಾವ ಡಿಸೈನರ್ ಅಂಗಡಿಯಲ್ಲಿಟ್ಟರೂ ಬೆಲೆ ಚೀಟಿ ಅಂಟಿಸಿ ಮಾರಬಹುದು. ನಮ್ಮ ಬಡಾವಣೆಗಳಲ್ಲಿ ಎಣ್ಣೆದೀಪದ ಅತಿ ಚಿಕ್ಕ ಕೈಕೆಲಸ ನೋಡಬೇಕಾದರೆ ಕನಕಪುರ ರಸ್ತೆಯ ಬನಶಂಕರಿ ಗುಡಿಗೆ ಮಂಗಳವಾರವೋ ಶುಕ್ರವಾರವೋ ರಾಹುಕಾಲದಲ್ಲಿ ಹೋಗಬೇಕು. ನಿಂಬೆಹಣ್ಣು ಹೆಚ್ಚಿ, ರಸ ಹಿಂಡಿ, ಹೋಳನ್ನು ಒಳಗು ಹೊರಗಾಗಿ ಮಗುಚಿ, ತುಪ್ಪ ಹಾಕಿ ಬತ್ತಿ ಹಚ್ಚುತ್ತಾರೆ. ಸಿಪ್ಪೆಯಲ್ಲಿ ಉಳಿದ ಪಸೆ ಬತ್ತಿ ಆರುವವರೆಗೂ ಸಿಪ್ಪೆ ಸುಡದಂತೆ ಕಾಯುತ್ತದೆ. ಕಾವಿನ ಲೆಕ್ಕ ಅಲ್ಲೂ ಇದೆ.

ಬೆಂಗಳೂರಿಗೆ ಕರೆಂಟು ಬಂದದ್ದು 1905ರ ಆಗಸ್ಟ್‌ನಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1902ರಲ್ಲಿ, ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಹಿಡಿದು ಮಾಡಿಸಿದ ಕೆಲಸ ಅದು. ಅದು ಮುಗಿಯುವ ಮೊದಲೇ, 1901ರಲ್ಲಿ, ಅವರು ತೀರಿಕೊಂಡಿದ್ದರು. ಆಗ ಊರು ದಕ್ಷಿಣಕ್ಕೆ ಬಸವನಗುಡಿಗೆ ಮುಗಿಯುತ್ತಿತ್ತು. ಸೌತ್ ಎಂಡ್ ಸರ್ಕಲ್ ಅನ್ನುವ ಹೆಸರೇ ಹೇಳುತ್ತದಲ್ಲ. ಅದರಾಚೆ ಯಡಿಯೂರು, ಕನಕನಪಾಳ್ಯ, ಬೈರಸಂದ್ರ: ಹಳ್ಳಿ, ಕೆರೆ, ಹೊಲ. ಬುಡ್ಡಿದೀಪ, ಲಾಟೀನು.

ಅಶೋಕ ಸ್ತಂಭದ ಬಳಿ ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರ ಆಗಸ್ಟ್‌ನಲ್ಲಿ. ಹಾಕಿದವರು ಗವರ್ನರ್ ಜನರಲ್ ರಾಜಗೋಪಾಲಾಚಾರಿ. ಅದೇ ವರ್ಷ ಜೋಗದಲ್ಲೂ ವಿದ್ಯುತ್ ಹುಟ್ಟತೊಡಗಿತು. ಹೀಗಾಗಿ ಜಯನಗರಕ್ಕೂ ಜೋಗದ ಕರೆಂಟಿಗೂ ಒಂದೇ ವಯಸ್ಸು. ನಮ್ಮಪ್ಪ ಲೈನ್‌ಮನ್ ಆಗಿದ್ದವರು. ಶಿವನಸಮುದ್ರದ ಕರೆಂಟು ಸೆಕೆಂಡಿಗೆ 25 ಸೈಕಲ್ಲಿನದು, ಜೋಗದ್ದು 50 ಸೈಕಲ್ಲಿನದು ಅಂತ ಇಬ್ಬರು ಗಂಡುಮಕ್ಕಳ ಸ್ವಭಾವ ಹೇಳುವವರ ಹಾಗೆ ಹೇಳುತ್ತಿದ್ದರು. 25 ಸೈಕಲ್ಲಿನಲ್ಲಿ ಬಲ್ಬು ಸಣ್ಣಗೆ ನಡುಗುವುದು ಕಣ್ಣಿಗೇ ತಿಳಿಯುತ್ತಿತ್ತಂತೆ. ಅದರಡಿಯಲ್ಲಿ ಕೂತು ಓದಿದವರಿಗೆ ತಲೆನೋವು. 50 ಸೈಕಲ್ ಬಂದಮೇಲೆ ದೀಪ ನೆಟ್ಟಗೆ ನಿಂತಿತು.

ಹೀಗೆ ಹೊಸ ಬಡಾವಣೆ, ಹೊಸ ಕರೆಂಟು, ಆಮೇಲೆ ಸೈಟು ಸಿಕ್ಕ ಗುಮಾಸ್ತರು, ಮೇಷ್ಟ್ರುಗಳು, ಕಾರ್ಖಾನೆ ನೌಕರರ ಮನೆಗಳು. ಆ ಮನೆಗಳಲ್ಲಿ ಶಿಲ್ಪದ ದೀಪ ದೇವರ ಕೋಣೆಗೆ ಸರಿದುಬಿಟ್ಟಿತು. ಹಾಲಿನಲ್ಲಿ ನೇತಾಡುವ ವೈರು, ಅದರ ತುದಿಗೆ ಹಿತ್ತಾಳೆ ಹೋಲ್ಡರ್, ಅದಕ್ಕೊಂದು ಬಲ್ಬು. ಎಷ್ಟೋ ಮನೆಯಲ್ಲಿ ಆ ಬಲ್ಬು ನಮ್ಮದೇ ಮೈಸೂರು ಲ್ಯಾಂಪ್ಸ್‌ನದು. ಆ ಕಾರ್ಖಾನೆ 1936ರಲ್ಲಿ ಮಲ್ಲೇಶ್ವರದ ಕಡೆ ಶುರುವಾದದ್ದು. ಸಂಜೆ ಸ್ವಿಚ್ಚು ಹಾಕಿದ ಕೂಡಲೇ ಮನೆಯ ಹೆಂಗಸರು ಬಲ್ಬಿಗೂ ಕೈ ಮುಗಿಯುತ್ತಿದ್ದರು. ಅಷ್ಟರ ಮಟ್ಟಿಗೆ ಹಳೆಯ ದೀಪದ ಮರ್ಯಾದೆ ಹೊಸದಕ್ಕೂ ಸಿಕ್ಕಿತು. ಮೈಕಟ್ಟು ಮಾತ್ರ ಸಿಗಲಿಲ್ಲ. ಆಮೇಲೆ ಟ್ಯೂಬ್‌ಲೈಟು ಬಂತು ನೋಡಿ, ನಾಲ್ಕಡಿ ಉದ್ದದ 40 ವಾಟಿನದು, ಚೋಕು ಸ್ಟಾರ್ಟರ್ ಸಮೇತ. ಮಧ್ಯಮ ವರ್ಗ ಅದಕ್ಕೆ ಮನಸೋತಿತು. ಬೆಳ್ಳಗೆ ಬೆಳಗಿದ ಮನೆ ಅನುಕೂಲಸ್ಥರ ಮನೆ, ಹಳದಿ ಬಲ್ಬು ಬಚ್ಚಲಿಗೆ.

ಟೇಬಲ್ ಲ್ಯಾಂಪು ನಮ್ಮ ಕಡೆ ಹೊಕ್ಕಿದ್ದು ಇಂಥ ಕಾಲದಲ್ಲಿ, ಅದೂ ಹಿಂಬಾಗಿಲಿನಿಂದ. ಎಸ್ಸೆಸ್ಸೆಲ್ಸಿ ಹುಡುಗನಿಗೆ ರಾತ್ರಿ ಓದಬೇಕು, ಅದೇ ಕೋಣೆಯಲ್ಲಿ ಅಜ್ಜಿ ಮಲಗಬೇಕು. ಟ್ಯೂಬ್‌ಲೈಟು ಹಾಕಿದರೆ ಮನೆಯೆಲ್ಲ ಎಚ್ಚರ. ಅದಕ್ಕೆ ಬಗ್ಗುವ ಕುತ್ತಿಗೆಯ ತಗಡಿನ ಲ್ಯಾಂಪು, ಬೆಳಕು ಪುಸ್ತಕದ ಮೇಲೆ ಬಿದ್ದು ಅಲ್ಲೇ ನಿಲ್ಲುವಂಥದು. ಇಂಗ್ಲೆಂಡಿನಲ್ಲಿ ಜಾರ್ಜ್ ಕಾರ್ವರ್ಡೀನ್ ಎಂಬ ಎಂಜಿನಿಯರ್ 1932ರಲ್ಲಿ ಸ್ಪ್ರಿಂಗು ಕೀಲುಗಳ ಲ್ಯಾಂಪಿನ ಪೇಟೆಂಟಿಗೆ ಅರ್ಜಿ ಹಾಕಿದ್ದ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತಿದ್ದವು ಅದರ ದೂರದ ಬಡ ಸಂಬಂಧಿಗಳು. ಪೀಠದೊಳಗೆ ತೂಕಕ್ಕೆ ಎರಕದ ಕಬ್ಬಿಣ, ಮೇಲೆ ಹಸಿರು ಅಥವಾ ಬೂದುಬಣ್ಣ. ಆ ತಗಡಿನ ಟೊಪ್ಪಿಗೆಗೆ ಕೈ ತಗುಲಿಸಿಕೊಂಡು ಚುರ್ ಅನ್ನಿಸಿಕೊಳ್ಳದ ವಿದ್ಯಾರ್ಥಿ ಆ ತಲೆಮಾರಿನಲ್ಲಿ ಇದ್ದಿರಲಾರ. ಟೊಪ್ಪಿಗೆಯ ನೆತ್ತಿಯಲ್ಲಿ ತೂತುಗಳಿರುತ್ತವೆ, ಗಮನಿಸಿದ್ದೀರಾ? ಬಿಸಿಗಾಳಿ ಹೊರಹೋಗಲು. ತಗಡೇ ಯಾಕೆ ಅಂದರೆ ಉಳಿದದ್ದೆಲ್ಲ ಕರಗುತ್ತದೆ, ಇಲ್ಲವೇ ಕರಕಲಾಗುತ್ತದೆ. ತಂತಿ ಬಲ್ಬಿಗೆ ಕೊಟ್ಟ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕಾವಾಗಿ ಹೋಗುತ್ತದೆ. ಬೆಳಕು ಅದರ ಮೇಲಿನ ಬಡ್ಡಿ ಮಾತ್ರ.

ಎಪ್ಪತ್ತು ಎಂಬತ್ತರ ದಶಕದಲ್ಲಿ ಗೃಹಪ್ರವೇಶಕ್ಕೆ, ಮದುವೆಗೆ ಉಡುಗೊರೆಯಾಗಿ ಬರುತ್ತಿದ್ದ ಷೋಕೇಸಿನ ಲ್ಯಾಂಪುಗಳ ಬಗ್ಗೆ ಹೆಚ್ಚು ಹೇಳಲಾರೆ. ಪಿಂಗಾಣಿಯ ಹುಡುಗಿ, ಕಪ್ಪೆಚಿಪ್ಪಿನ ಗೋಪುರ, ಸೊಂಡಿಲಲ್ಲಿ ಬಲ್ಬು ಎತ್ತಿದ ಬೀಟೆಮರದ ಆನೆ. ಆನೆಯ ಕೆತ್ತನೆ ಚೆನ್ನಾಗಿಯೇ ಇರುತ್ತಿತ್ತು, ಮೈಸೂರಿನವರ ಕೈ ಅದು. ಆದರೆ ಆನೆ ಬೇರೆ ಬಲ್ಬು ಬೇರೆ. ಒಂದಕ್ಕೊಂದು ಸಂಬಂಧ ಕೂಡಿಸಿದವರು ಯಾರೂ ಇರಲಿಲ್ಲ. ಬಹುಪಾಲು ಮನೆಗಳಲ್ಲಿ ಅವನ್ನು ಹಚ್ಚುತ್ತಲೂ ಇರಲಿಲ್ಲ. ವೈರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟದ್ದು ಹಾಗೇ ನನ್ನ ಅಂಗಡಿಗೆ ಬಂದದ್ದಿದೆ.

ಚನ್ನಪಟ್ಟಣದ ಕತೆ ಹಾಗಲ್ಲ. ಅಲ್ಲಿ ದೀಪಕ್ಕೆ ಬೇಕಾದ ಮೈಕಟ್ಟು ಮೊದಲಿಂದಲೂ ಇತ್ತು. ದೀಪವಾಗಲು ಬಲ್ಬಿಗಾಗಿ ಕಾಯಬೇಕಾಯಿತು ಅಷ್ಟೆ.

ಮೈಸೂರು ರಸ್ತೆಯಲ್ಲಿ ಬೆಂಗಳೂರಿಂದ 60 ಕಿಲೋಮೀಟರಿನಷ್ಟು ದೂರ. ಮರ ಕಡೆದು ಅರಗು ಹಚ್ಚಿ ಗೊಂಬೆ ಮಾಡುವ ಕಸುಬು ಟಿಪ್ಪುವಿನ ಕಾಲದಲ್ಲಿ ಬಂತೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ಗೊಂಬೆ ಕೆಲಸದ ರೀತಿಯನ್ನು ಇಲ್ಲಿನ ಕೈಗಳಿಗೆ ಕಲಿಸಿದರೆಂದು ಅವರನ್ನು ಇವತ್ತಿಗೂ ಗುರುವಿನ ಹಾಗೆ ನೆನೆಯುತ್ತಾರೆ. ಬಳಸುವುದು ಹಾಲೆಮರ. ಹೆಸರಿಗೆ ತಕ್ಕಂತೆ ಬಿಳಿ, ನಯ, ಎಳೆ ಕಾಣದಷ್ಟು ಒತ್ತು. ತಿಂಗಳುಗಟ್ಟಲೆ ಒಣಗಿಸಿ ಲೇತಿಗೆ ಏರಿಸುತ್ತಾರೆ. ಆದರೆ ಹಾಲೆ ದೊಡ್ಡ ಮರವಲ್ಲ, ದಪ್ಪ ದಿಮ್ಮಿ ಸಿಗುವುದಿಲ್ಲ. ಹೀಗಾಗಿ ಎತ್ತರದ್ದೇನು ಮಾಡಬೇಕಾದರೂ ಬಿಲ್ಲೆ, ಮಣಿ, ಬಳೆಗಳನ್ನು ಬೇರೆ ಬೇರೆ ಕಡೆದು ಒಂದರ ಮೇಲೊಂದು ಪೇರಿಸಬೇಕು. ಟೇಬಲ್ ಲ್ಯಾಂಪಿನ ಕಂಬ ಮಾಡುವಾಗ ನಡುವೆ ಟೊಳ್ಳು ಕಬ್ಬಿಣದ ಕೊಳವೆ, ಅದರೊಳಗೆ ವೈರು, ಕೊಳವೆಯ ಹೊರಗೆ ಪೋಣಿಸಿದ ಮರದ ತುಂಡುಗಳು, ಮೇಲೂ ಕೆಳಗೂ ಬಿಗಿಯುವ ನಟ್ಟು. ಇದನ್ನು ಮೊದಲ ಸಲ ಬಿಚ್ಚಿ ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿಟ್ಟಾಗ ನನಗೆ ನೆನಪಾದದ್ದು ಹಿತ್ತಾಳೆಯ ಕಾಲುದೀಪ. ಅದೂ ತುಂಡುತುಂಡು, ಇದೂ ತುಂಡುತುಂಡು. ಅದೂ ಲೇತಿನದು, ಇದೂ ಲೇತಿನದು. ಎಣ್ಣೆ ಹೋಗಿ ಎಷ್ಟೋ ಕಾಲವಾಗಿದ್ದರೂ ಬಳೆಗಳು ಮಾತ್ರ ಉಳಿದುಕೊಂಡಿದ್ದವು.

ಅರಗು ಹಚ್ಚುವುದನ್ನು ಹತ್ತಿರ ನಿಂತು ನೋಡಬೇಕು. ಕುಂಚ ಇಲ್ಲ, ಡಬ್ಬಿ ಇಲ್ಲ. ಬಣ್ಣ ಬೆರೆಸಿದ ಅರಗನ್ನು ಕಡ್ಡಿ ಮಾಡಿಟ್ಟುಕೊಂಡಿರುತ್ತಾರೆ. ಮರ ಜೋರಾಗಿ ತಿರುಗುತ್ತಿರುವಾಗ ಆ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟಕ್ಕೇ ಕಾವು ಹುಟ್ಟಿ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೊದಲು ಗೀರುಗೀರಾಗಿ, ಒರಟಾಗಿ ಕೂರುತ್ತದೆ. ಆಮೇಲೆ ಒಂದು ತುಂಡು ತಾಳೆಗರಿ ತಗೊಂಡು ತಿರುಗುವ ಮೈಗೆ ಒತ್ತುತ್ತಾರೆ. ಗರಿ ಆಚೀಚೆ ಸರಿದಂತೆ ಗೀರೆಲ್ಲ ಮಾಯವಾಗಿ, ಒಳಗೇ ದೀಪ ಹೊತ್ತಿದಂಥ ಹೊಳಪು ಬರುತ್ತದೆ. ಒಂದು ಮಣಿಗೆ ನಿಮಿಷವೂ ಹಿಡಿಯುವುದಿಲ್ಲ. ಕಾವು ಹೆಚ್ಚಾದರೆ ಅರಗು ಹರಿದುಹೋಗುತ್ತದೆ, ಕಡಿಮೆಯಾದರೆ ಹತ್ತುವುದೇ ಇಲ್ಲ. ಆ ಹದ ಬೆರಳಿಗೆ ಗೊತ್ತು.

ಇಲ್ಲೇ ಇದ್ದದ್ದು ತೊಡಕು. ಅರಗು 70 ಡಿಗ್ರಿಯ ಆಸುಪಾಸಿಗೆ ಮೆತ್ತಗಾಗತೊಡಗುತ್ತದೆ. 60 ವಾಟಿನ ತಂತಿ ಬಲ್ಬಿನ ಗಾಜು ನೂರು ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಎಮ್.ಜಿ. ರಸ್ತೆಯ ಕಾವೇರಿ ಎಂಪೋರಿಯಂನಿಂದ ಚೆಂದದ ಲ್ಯಾಂಪು ತಂದು, ‘ಬೆಳಕು ಸಾಲದು’ ಎಂದು ದೊಡ್ಡ ಬಲ್ಬು ಹಾಕಿಕೊಂಡವರು ನನ್ನಲ್ಲಿಗೆ ಬರುತ್ತಿದ್ದರು. ಕತ್ತಿನ ಹತ್ತಿರದ ಕೆಂಪು ಬಳೆ ಮಂಕಾಗಿ, ಅಂಟಂಟಾಗಿ, ಅದರ ಮೇಲೆ ಧೂಳು ಕೂತು ತುಪ್ಪಳ ಬಂದಿರುತ್ತಿತ್ತು. ಮೂಗಿಗೆ ಹಿಡಿದರೆ ಹಳೇ ಅಂಚೆ ಕಚೇರಿಯ ಮುದ್ರೆಯ ವಾಸನೆ. ಒಂದು ಸಲ ಚನ್ನಪಟ್ಟಣಕ್ಕೆ ಹೋಗಿ ವಯಸ್ಸಾದ ಕೆಲಸಗಾರರೊಬ್ಬರನ್ನು ಕೇಳಿದೆ: “ಸಾಹೇಬ್ರೇ, ಕುತ್ತಿಗೆ ಹತ್ರ ಅರಗು ಬಿಟ್ಕೊಳ್ತಿದೆಯಲ್ಲ, ಏನ್ಮಾಡೋದು?” ಅವರು ತಲೆ ಎತ್ತದೆ ಅಂದರು: “ಅರುವತ್ತು ಹಾಕ್ಬೇಡಿ ಸ್ವಾಮಿ, ಹದಿನೈದು ಹಾಕಿ. ಇದು ನೋಡೋ ದೀಪ, ಓದೋ ದೀಪ ಅಲ್ಲ.” ಅಂದಿನಿಂದ ನಾನು ಗಿರಾಕಿಗಳಿಗೆ ಇದೇ ಮಾತು ಹೇಳುತ್ತಿದ್ದೆ. ಅವರು ಒಪ್ಪುತ್ತಿರಲಿಲ್ಲ. ಕೊಟ್ಟ ದುಡ್ಡಿಗೆ ಬೆಳಕು ಬರಲಿಲ್ಲವೆಂದರೆ ದೀಪ ಯಾಕೆ ಅನ್ನುವ ಕಾಲ ಅದು.

ಸರ್ಕಾರದವರು ಪ್ರಯತ್ನ ಪಡಲಿಲ್ಲ ಅಂತಲ್ಲ. ನಮ್ಮ ಮಂಗಳೂರಿನ ಹೆಣ್ಣುಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮುಂದಾಳಾಗಿ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾಯಿತು. ಮಂಡಳಿ ಐವತ್ತರ ದಶಕದಲ್ಲೇ ಬೆಂಗಳೂರಿನಲ್ಲೂ ಒಂದು ವಿನ್ಯಾಸ ಕೇಂದ್ರ ತೆರೆಯಿತು. 1964ರಲ್ಲಿ ರಾಜ್ಯದ ಕರಕುಶಲ ನಿಗಮ ಬಂತು. ಗೊಂಬೆ ಕಡೆಯುವವರ ಕೈಯಲ್ಲಿ ಲ್ಯಾಂಪು, ಬಟ್ಟಲು, ಪೆನ್ನಿನ ಸ್ಟ್ಯಾಂಡು ಮಾಡಿಸುವ ಆಲೋಚನೆ ಬೆಳೆದದ್ದು ಇಂಥ ಕಡೆಗಳಿಂದಲೇ. ಜಪಾನಿನಲ್ಲೂ ಆಗ ಇಂಥದ್ದೇ ಒಂದು ನಡೆದಿತ್ತು. 1951ರಲ್ಲಿ ಇಸಾಮು ನೊಗುಚಿ ಎಂಬ ಶಿಲ್ಪಿ ಗಿಫು ಎಂಬ ಊರಿಗೆ ಹೋದಾಗ, ಸೊರಗುತ್ತಿದ್ದ ತಮ್ಮ ಕಾಗದದ ಲಾಂದ್ರದ ಕಸುಬಿಗೆ ಏನಾದರೂ ಮಾಡಿಕೊಡಿ ಎಂದು ಅಲ್ಲಿನ ಮೇಯರ್ ಕೇಳಿಕೊಂಡರು. ಮೋಂಬತ್ತಿ ಇಡುತ್ತಿದ್ದ ಜಾಗಕ್ಕೆ ನೊಗುಚಿ ವಿದ್ಯುತ್ ಬಲ್ಬು ಕೂರಿಸಿದರು, ಕಾಗದದ ಆಕಾರ ಬದಲಿಸಿದರು, ‘ಅಕಾರಿ’ ಎಂದು ಹೆಸರಿಟ್ಟರು. ಅವು ಲೋಕವನ್ನೇ ಸುತ್ತಿದವು. ಅವರ ಕಾಗದ ಬಲ್ಬಿನಿಂದ ಮಾರು ದೂರ ನಿಂತು ಬದುಕಿತು. ನಮ್ಮ ಅರಗಿನ ಕಂಬ ಬಲ್ಬಿನ ಬುಡಕ್ಕೇ ಅಂಟಿಕೊಂಡು ನಿಂತಿತ್ತು. ಜಪಾನಿನಿಂದ ನಮಗೆ ಗೊಂಬೆ ಬಂತು, ಈ ಉಪಾಯ ಬರಲಿಲ್ಲ.

ದಾರಿ ಬಿಟ್ಟದ್ದು ಕೊನೆಗೆ ಬಲ್ಬೇ. ಮೊದಲು ಸಿಎಫ್‌ಎಲ್ ಬಂತು. ಅದರ ಬೆಳಕು ನನಗೆ ಎಂದೂ ಸೇರಲಿಲ್ಲ, ರೋಗಿಯ ಮುಖದ ಬಣ್ಣ. ಆಮೇಲೆ ಎಲ್‌ಇಡಿ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಗ್ಗದ ಎಲ್‌ಇಡಿ ಹಂಚುವ ಯೋಜನೆ ಆರಂಭಿಸಿತು. ನಮ್ಮಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ನೂರು ರೂಪಾಯಿಗೆ 9 ವಾಟಿನ ಬಲ್ಬು, ಬೆಸ್ಕಾಂ ಕೌಂಟರಿನ ಮುಂದೆ ಸಾಲು. ಸಾಲಿನಲ್ಲಿ ನಿಂತವರಿಗೆ ಬೇಕಿದ್ದದ್ದು ಕಡಿಮೆ ಬಿಲ್ಲು. ಆದರೆ ಅದೇ ಸಾಲಿನಿಂದ ಚನ್ನಪಟ್ಟಣದ ಲ್ಯಾಂಪಿಗೂ ಪ್ರಾಣ ಬಂತೆನ್ನುವುದು ನನ್ನ ಗುಮಾನಿ. 9 ವಾಟಿಗೆ ಹಳೆಯ 60 ವಾಟಿನಷ್ಟು ಬೆಳಕು, ಕಾವು ಹಳೆಯದರ ಒಂದು ಚೂರು ಮಾತ್ರ. ಅರಗು ಈಗ ಬಿಟ್ಟುಕೊಳ್ಳುವುದಿಲ್ಲ. ಸುಡುತ್ತದೆಂದು ದೀಪದ ಹತ್ತಿರ ಬಿಟ್ಟುಕೊಳ್ಳದಿದ್ದ ವಸ್ತುಗಳೆಲ್ಲ ಒಂದೊಂದಾಗಿ ಹತ್ತಿರ ಬಂದವು.

ಬೆಂಗಳೂರಿನಲ್ಲೇ ಜೆನ್ನಿ ಪಿಂಟೊ ಅವರ ‘ಊರ್ಜಾ’ ಇದೆ. ಜಾಹೀರಾತು ಚಿತ್ರ ಮಾಡುತ್ತಿದ್ದವರು ಅದನ್ನು ಬಿಟ್ಟು ಬಾಳೆನಾರಿನಿಂದ ಕಾಗದ ಮಾಡಿ, ಆ ಕಾಗದದಿಂದ ದೀಪ ಮಾಡತೊಡಗಿದರು. ಎಲ್‌ಇಡಿಗೆ ಬಹಳ ಮೊದಲೇ ಶುರು ಮಾಡಿದವರು ಅವರು, ಅದು ಧೈರ್ಯದ ಕೆಲಸ. ಹೂವಿನಿಂದ ನಾರೂ ಸ್ವರ್ಗಕ್ಕೆ ಅನ್ನುತ್ತಾರಲ್ಲ. ಇಲ್ಲಿ ಹೂವಿನ ಹಂಗೇ ಇಲ್ಲದೆ ನಾರು ತಾನೇ ಹೋಗಿ ಕೂತಿತು. ಅಂಥದ್ದೊಂದು ಕಾಗದದ ದೀಪ ರಿಪೇರಿಗೆ ಬಂದಿತ್ತು. ಹಚ್ಚಿ ನೋಡಿದರೆ ಕಾಗದದೊಳಗೆ ನಾರಿನ ಎಳೆಗಳು ಅಂಗೈ ಗೆರೆಗಳಷ್ಟು ಸ್ಪಷ್ಟ. ಆರಿಸಿದರೆ ಒಂದೂ ಕಾಣದು.

ಇದರ ಜೊತೆಗೆ ಬಣ್ಣದ ಮರ್ಯಾದೆಯೂ ತಿರುಗುಮುರುಗಾಯಿತು. ಬಿ.ಟಿ.ಎಂ. ಲೇಔಟಿನ ಕಡೆ, ಜೆ.ಪಿ. ನಗರದ ಹೊಸ ಫೇಸುಗಳ ಕಡೆ ಸಾಫ್ಟ್‌ವೇರಿನವರು ಮನೆ ಮಾಡಿದ ಮೇಲೆ ನನ್ನಲ್ಲಿ ಹಳದಿ ಎಲ್‌ಇಡಿಯೇ ಹೆಚ್ಚು ಖರ್ಚು. ‘ವಾರ್ಮ್ ವೈಟ್’ ಅಂತ ಕೇಳುತ್ತಾರೆ. ಡಬ್ಬಿಯ ಮೇಲೆ ಬೆಳಕಿನ ಬಣ್ಣದ ಅಳತೆ 2700 ಅಥವಾ 3000 ಅಂತ ಬರೆದಿರುತ್ತದೆ. ಬಚ್ಚಲಿಗೆ ಹೋಗಿದ್ದ ಹಳದಿ ಹಾಲಿಗೆ ಬಂದು ಕೂತಿತು. ಮಗನ ಮನೆಗೆ ಬಂದ ತಾಯಂದಿರಿಗೆ ಇದು ಅರ್ಥವಾಗುವುದಿಲ್ಲ. “ಇಷ್ಟು ಸಂಬಳ ಬರುತ್ತೆ, ಮನೇನ ಮುಸ್ಸಂಜೆ ಮಾಡ್ಕೊಂಡು ಕೂತಿದಾರೆ. ಒಂದು ಟ್ಯೂಬ್‌ಲೈಟು ಹಾಕಿಕೊಡಪ್ಪ” ಅಂತ ಒಬ್ಬರು ನನ್ನನ್ನೇ ಕರೆಸಿದ್ದರು. ಹಾಕಿಕೊಟ್ಟೆ, ಅಡುಗೆಮನೆಯಲ್ಲಿ. ಸೊಪ್ಪು ಬಿಡಿಸಲು ಟ್ಯೂಬ್‌ಲೈಟಿಗಿಂತ ಒಳ್ಳೆಯದಿಲ್ಲ, ಅವರು ಹೇಳಿದ್ದು ಸರಿ.

ಈಗೀಗ ಅಜ್ಜಿಯ ಕಾಲುದೀಪ ತಂದು, ಪೀಠಕ್ಕೆ ತೂತು ಕೊರೆದು ವೈರು ಹಾಯಿಸಿ ಟೇಬಲ್ ಲ್ಯಾಂಪು ಮಾಡಿಕೊಡಿ ಎನ್ನುವವರು ಬರುತ್ತಾರೆ. ನಾನು ಕೊರೆಯುವುದಿಲ್ಲ. ಭಕ್ತಿಯ ಮಾತು ಬಿಡಿ, ಕೆಲಸದ ಮಾತೇ ಹೇಳುತ್ತೇನೆ: ತೂತು ಬಿದ್ದ ದೀಪಕ್ಕೆ ಮತ್ತೆ ಎಣ್ಣೆ ನಿಲ್ಲುವುದಿಲ್ಲ. ಬೇಕಾದರೆ ಹಣತೆಯ ಜಾಗದಲ್ಲಿ ಕೂರುವ, ಬೇಡವಾದಾಗ ಕಳಚುವ ತಿರುಪಿನ ಹೋಲ್ಡರ್ ಮಾಡಿಕೊಡುತ್ತೇನೆ. ವೈರು ಹೊರಗಿಂದಲೇ ಬರುತ್ತದೆ, ಸ್ವಲ್ಪ ಕಾಣುತ್ತದೆ, ಕಾಣಲಿ.

ಇದಕ್ಕಿಂತ ದೊಡ್ಡ ತಕರಾರು ನನಗಿರುವುದು ಹೋಲ್ಡರೇ ಇಲ್ಲದ ದೀಪಗಳ ಮೇಲೆ. ಎಲ್‌ಇಡಿ ಚಿಕ್ಕದು, ತಣ್ಣಗಿನದು. ಆದ್ದರಿಂದ ಈಗ ಅದನ್ನು ಕಂಬದೊಳಗೇ ಹುಗಿದು ಅಂಟು ಹಾಕಿ ಮುಚ್ಚಿಬಿಡುತ್ತಾರೆ. ಕುತ್ತಿಗೆಯೇ ಇಲ್ಲ, ಸೊಗಸಾಗಿ ಕಾಣುತ್ತದೆ, ನಿಜ. ಆದರೆ ಒಳಗಿನ ಡ್ರೈವರ್, ಅಂದರೆ ಎಲ್‌ಇಡಿಗೆ ಕರೆಂಟು ಹದಮಾಡಿ ಕೊಡುವ ಸರ್ಕ್ಯೂಟು, ಸುಟ್ಟರೆ ಬಿಚ್ಚಲು ಒಂದು ಸ್ಕ್ರೂ ಕೂಡ ಇರುವುದಿಲ್ಲ. ಸಾವಿರಾರು ರೂಪಾಯಿಯ ಕೈಕೆತ್ತನೆ ಒಂದು ಸಣ್ಣ ಬಿಡಿಭಾಗಕ್ಕಾಗಿ ಗುಜರಿ ಸೇರುತ್ತದೆ. ಅಂಥವು ಬಂದಾಗ ನಾನು ಅಂಟು ಕೆರೆದು, ಒಳಗಿನದ್ದೆಲ್ಲ ಕಿತ್ತು, ನಮ್ಮ ಹಳೆಯ ಎರಡು ಪಿನ್ನಿನ ಹೋಲ್ಡರೇ ಕೂರಿಸುತ್ತೇನೆ. ಬ್ರಿಟಿಷರ ಕಾಲದಿಂದ ಬಂದ ಅಳತೆ, 22 ಮಿಲಿಮೀಟರ್, ಇವತ್ತಿಗೂ ಅಷ್ಟೇ. ನಮ್ಮಪ್ಪ ಹತ್ತಿ ಸುತ್ತಿಟ್ಟ ಮೈಸೂರು ಲ್ಯಾಂಪ್ಸ್ ಬಲ್ಬೂ ಅದಕ್ಕೆ ಕೂರುತ್ತದೆ, ಮೂಲೆ ಅಂಗಡಿಯಲ್ಲಿ ಸಿಗುವ 9 ವಾಟಿನದೂ ಕೂರುತ್ತದೆ. ದೀಪ ಎರಡು ಅಂಗುಲ ಎತ್ತರವಾಗುತ್ತದೆ, ಶೇಡು ಬೇರೆ ಹೊಲಿಸಬೇಕಾಗುತ್ತದೆ. ಅದನ್ನು ಕೆಲಸ ಹಿಡಿಯುವ ಮೊದಲೇ ಹೇಳಿ ಅಡ್ವಾನ್ಸ್ ತಗೊಳ್ಳುತ್ತೇನೆ.